ಡಬಲ್ ಡೈ ಹುಡುಕಲು ಯುಎಸ್‌ಬಿ ಮೈಕ್ರೋಸ್ಕೋಪ್: ಬಹಳ ದಿನ ಬಳಸಿದ ಮೇಲೆ

ಡಬ್ಬಿಯ ಮೇಲೆ 1000ಎಕ್ಸ್, ಅಂದರೆ ಸಾವಿರ ಪಟ್ಟು, ಅಂತ ದೊಡ್ಡದಾಗಿ ಬರೆದಿದೆ. ಅದನ್ನು ಮರೆತುಬಿಡಿ. ನಾಣ್ಯ ನೋಡಲು ಅಷ್ಟು ಬೇಕೂ ಇಲ್ಲ, ಇದು ಅಷ್ಟು ಕೊಡುವುದೂ ಇಲ್ಲ. ಫೋನಿಗೋ ಲ್ಯಾಪ್‌ಟಾಪಿಗೋ ಸಿಕ್ಕಿಸಿ ನೋಡುವ ಸಾವಿರ ಚಿಲ್ಲರೆ ರೂಪಾಯಿಯ ಸಾಮಾನು ಇದು. ನಾನು ಕೊಂಡದ್ದು ಒಂದೇ ಕೆಲಸಕ್ಕೆ: ಅಕ್ಷರ ಜೋಡಿಯಾಗಿ ಕಾಣುವ ನಾಣ್ಯ ಸಿಕ್ಕರೆ ಅದು ಅಚ್ಚಿನಲ್ಲೇ ತಪ್ಪಾದ, ಸಂಗ್ರಾಹಕರು ಹುಡುಕುವ ನಿಜವಾದ ಡಬಲ್ ಡೈಯೋ, ಸುಮ್ನೆ ಒತ್ತುವ ಯಂತ್ರ ಅಲುಗಿ ಆದ ಮೆಷಿನ್ ಡಬ್ಲಿಂಗೋ ಅಂತ ಗುರುತಿಸಲು. ಚಿತ್ರ ಚೆನ್ನಾಗಿ ಬರುತ್ತದೆ, ತಕರಾರಿಲ್ಲ. ಆದರೆ ಈ ಕೆಲಸಕ್ಕೆ ಕಲಬುರಗಿಯ ಸರಾಫ್ ಬಜಾರಿನಲ್ಲಿ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ, 10ಎಕ್ಸ್ ಲೂಪೇ ಮೇಲು. ಬೆಲೆಯೂ ಇದರ ಕಾಲುಭಾಗ ಇಲ್ಲ.

ಯಾಕೆ ಅಂತ ಹೇಳಬೇಕಾದರೆ ಎರಡರ ಹುಟ್ಟು ಗೊತ್ತಿರಬೇಕು.

ನಾಣ್ಯ ಒತ್ತುವ ಅಚ್ಚನ್ನು ಹಬ್ ಎಂಬ ಇನ್ನೊಂದು ಉಬ್ಬು ಅಚ್ಚಿನಿಂದ ಮಾಡುತ್ತಾರೆ. ಹಿಂದೆ ಒಂದೇ ಒತ್ತಿಗೆ ಉಕ್ಕಿನಲ್ಲಿ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಕಾಯಿಸಿ ಮೆದು ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಕೂದಲೆಳೆಯಷ್ಟು ತಿರುಗಿದರೂ ಅಚ್ಚಿನಲ್ಲೇ ಎರಡು ಚಿತ್ರ ಕೂತುಬಿಡುತ್ತವೆ. ಅದು ಡಬಲ್ ಡೈ. ಮೆಷಿನ್ ಡಬ್ಲಿಂಗಿನಲ್ಲಿ ಅಚ್ಚು ಸರಿಯಾಗೇ ಇರುತ್ತದೆ. ಯಂತ್ರದಲ್ಲಿ ಸಡಿಲವಾಗಿ, ನಾಣ್ಯ ಒತ್ತಿದ ಕ್ಷಣದಲ್ಲಿ ಜರುಗಿ, ಆಗಷ್ಟೇ ಮೂಡಿದ ಅಕ್ಷರದ ಅಂಚನ್ನು ಸವರಿಬಿಡುತ್ತದೆ. ನಮ್ಮ ಕಡೆ ಹೋಳಿ ಹಬ್ಬಕ್ಕೆ ಮಾಡುವ ಸಕ್ಕರೆ ಸರ ನೋಡಿ. ಮರದ ಅಚ್ಚಿನಲ್ಲೇ ಗೆರೆ ಎರಡೆರಡು ಕೊರೆದಿದ್ದರೆ ಪ್ರತಿ ಬಿಲ್ಲೆಯಲ್ಲೂ ಎರಡು ಗೆರೆ ಬರುತ್ತದೆ. ಬಿಡಿಸುವಾಗ ಕೈ ಅಲುಗಿದರೆ ಆ ಬಿಲ್ಲೆಯ ಅಂಚು ಮಾತ್ರ ಕೆಡುತ್ತದೆ.

ಹೀಗಾಗಿ ಡಬಲ್ ಡೈಯಲ್ಲಿ ಅಕ್ಷರ ದಪ್ಪವಾಗುತ್ತದೆ. ಎರಡನೆಯ ಅಕ್ಷರಕ್ಕೂ ಮೊದಲನೆಯದರ ಹಾಗೆ ದುಂಡನೆಯ ಉಬ್ಬು ಇರುತ್ತದೆ, ಮೂಲೆಗಳು ಕವಲೊಡೆದಂತೆ ಸೀಳಿರುತ್ತವೆ. ಮೆಷಿನ್ ಡಬ್ಲಿಂಗಿನಲ್ಲಿ ಅಕ್ಷರ ತೆಳ್ಳಗಾಗುತ್ತದೆ, ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲೊಂದು ಉಳಿಯುತ್ತದೆ. ಹೊಸದಾಗಿ ಸೇರಿಸಿದ್ದು ಏನೂ ಇಲ್ಲ, ಇದ್ದದ್ದನ್ನೇ ಕೊರೆದಿದ್ದು ಅಷ್ಟೇ.

ಮೈಕ್ರೋಸ್ಕೋಪ್ ಎಡವುವುದು ಈ ಮೆಟ್ಟಿಲಿನಲ್ಲೇ. ಅದರ ಬಾಯಿಯ ಸುತ್ತ ಎಲ್‌ಇಡಿಗಳು ಉಂಗುರದಂತೆ ಕೂತಿವೆ. ಬೆಳಕು ಎಲ್ಲ ಕಡೆಯಿಂದಲೂ ಬೀಳುತ್ತದೆ, ನೆರಳೇ ಇಲ್ಲ. ನನ್ನ ಹತ್ತಿರ ಹೈದರಾಬಾದ್ ಟಂಕಸಾಲೆಯ ಎರಡು ರೂಪಾಯಿ ನಾಣ್ಯ ಒಂದಿದೆ, ಇಸವಿಯ ಕೆಳಗೆ ನಕ್ಷತ್ರ ಇರುವಂಥದ್ದು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಸವಿಯ ಅಂಕಿಗಳ ಬಲಕ್ಕೆ ಇನ್ನೊಂದು ಇಸವಿ ಫಳಫಳ ಹೊಳೆಯುತ್ತದೆ. ಯಾರಿಗಾದರೂ ಎದೆ ಹಾರಬೇಕು! ಅದೇ ನಾಣ್ಯವನ್ನು ಟೇಬಲ್ ಲ್ಯಾಂಪಿನ ಪಕ್ಕ ಲೂಪಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಆ ಹೊಳಪು ಒಂದೇ ಸಲಕ್ಕೆ ಹೊತ್ತಿ ಒಂದೇ ಸಲಕ್ಕೆ ಆರುತ್ತದೆ. ಉಬ್ಬಿನ ಮೇಲೆ ಬೆಳಕು ಹಾಗೆ ಆರುವುದಿಲ್ಲ, ಮೆಲ್ಲಗೆ ಜಾರುತ್ತದೆ. ಅಂದರೆ ಇದು ಚಪ್ಪಟೆ ಮೆಟ್ಟಿಲು. ಬೆಲೆ ಎರಡೇ ರೂಪಾಯಿ.

ಲೂಪ್ ಮಾರಿದ ಅಂಗಡಿಯವರು ಆಗಲೇ ಹೇಳಿದ್ದರು: "ಬೆಳಕು ಒಂದ್ ಕಡಿಂದ ಬೀಳ್ಬೇಕ್ರಿ ಸರ. ಸುತ್ತ ಬಿದ್ರ ಎಲ್ಲಾ ಚಂದೇ ಕಾಣ್ತದ." ಅವರು ಹೇಳಿದ್ದು ಚಿನ್ನದ ಬಗ್ಗೆ ಅನ್ನಿ.

ಪರಿಹಾರ ಇದೆ. ವೈರಿನ ಮೇಲಿನ ಚಕ್ರ ತಿರುಗಿಸಿ ಎಲ್‌ಇಡಿ ಪೂರ್ತಿ ಆರಿಸಿ, ಲ್ಯಾಂಪನ್ನು ಒಂದು ಪಕ್ಕದಿಂದ ತಗ್ಗಿಸಿ ಹಿಡಿಯಿರಿ. ಆಗ ಇದೇ ಮೈಕ್ರೋಸ್ಕೋಪ್ ನಿಯತ್ತಾಗಿ ತೋರಿಸುತ್ತದೆ. ಅಮೆರಿಕದ 1955ರ ಒಂದು ಸೆಂಟಿನಂಥ ಹೆಸರುವಾಸಿ ಡಬಲ್ ಡೈಗೆ ಇದ್ಯಾವುದೂ ಬೇಡ, ಇಸವಿ ಜೋಡಿಯಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಕಷ್ಟ ಇರುವುದು 1969ರ ಸ್ಯಾನ್ ಫ್ರಾನ್ಸಿಸ್ಕೋ ಸೆಂಟಿನಲ್ಲಿ. ಅದರ ನಿಜವಾದ ಡಬಲ್ ಡೈ ಬಹಳ ಅಪರೂಪ, ಮೆಷಿನ್ ಡಬ್ಲಿಂಗ್ ಆದವು ಬೇಕಾದಷ್ಟು. ಅಲ್ಲಿ ಒಂದು ಸುಲಭದ ಗುರುತಿದೆ. ಆ ಕಾಲಕ್ಕೆ ಎಸ್ ಅನ್ನುವ ಟಂಕಸಾಲೆ ಗುರುತನ್ನು ಹಬ್ ಒತ್ತಿದ ಮೇಲೆ ಅಚ್ಚಿನಲ್ಲಿ ಪ್ರತ್ಯೇಕವಾಗಿ ಕುಟ್ಟುತ್ತಿದ್ದರು, ಹಾಗಾಗಿ ಹಬ್ಬಿನ ತಪ್ಪು ಅದಕ್ಕೆ ತಟ್ಟುವುದಿಲ್ಲ. ಎಸ್ ಕೂಡ ಇಸವಿಯ ಹಾಗೇ, ಅದೇ ದಿಕ್ಕಿಗೆ ಜೋಡಿಯಾಗಿದ್ದರೆ ಅದು ಯಂತ್ರದ ಕೆಲಸ ಎಂದೇ ತಿಳಿಯಿರಿ.

ಬಹಮನಿ ಕಾಲದ ತಾಮ್ರದ ನಾಣ್ಯ ಇಟ್ಟುಕೊಂಡವರು ಬೀದರ್ ಕಡೆ ಇದ್ದಾರೆ. ಅದರಲ್ಲಿ ಅಕ್ಷರ ಎರಡೆರಡು ಕಂಡರೆ ಡಬಲ್ ಡೈ ಅಂತ ಕುಣಿಯಬೇಡಿ. ಅವು ಸುತ್ತಿಗೆಯಿಂದ ಹೊಡೆದ ನಾಣ್ಯಗಳು. ಎರಡನೇ ಏಟು ಬೀಳುವಾಗ ನಾಣ್ಯ ಸರಿದಿರುತ್ತದೆ. ಅದರ ಲೆಕ್ಕವೇ ಬೇರೆ.

ಇನ್ನು ಸಾಮಾನಿನ ಕುಂದು. ಸ್ಟ್ಯಾಂಡ್ ದಂಡ. ಮೇಜು ಮುಟ್ಟಿದರೆ ಫೋಕಸ್ ಹೋಗುತ್ತದೆ. ನಾನು ಕೆಳಗೆ ಒಂದು ಶಹಾಬಾದ್ ಫರಸಿ ಕಲ್ಲಿನ ತುಂಡು ಇಟ್ಟಿದ್ದೇನೆ, ಈಗ ಪರವಾಗಿಲ್ಲ. ಪಿನ್ನು ಸಡಿಲವಾಗಿ ಚಿತ್ರ ಆಗಾಗ ಕಡಿದುಹೋಗುತ್ತದೆ. ವಾರಂಟಿ ಕೇಳಿ ಬರೆದರೆ ಕಂಪನಿಯಿಂದ ಉತ್ತರವಿಲ್ಲ.

ಇದು ನಿಜಕ್ಕೂ ಉಪಯೋಗಕ್ಕೆ ಬರುವುದು ಫೋಟೋ ತೆಗೆಯಲು. ಕೊಳ್ಳುವವರಿಗೆ, ತಿಳಿದವರಿಗೆ ಕಳಿಸಲು ಲೂಪಿನಿಂದ ಆಗುವುದಿಲ್ಲ ಅಲ್ವಾ? ಆದರೆ ಮಾರುವವರೂ ಇದರಲ್ಲೇ ಫೋಟೋ ತೆಗೆಯುತ್ತಾರೆ. "ಅಪರೂಪದ ಡಬಲ್ ಡೈ" ಅಂತ ಐದು ರೂಪಾಯಿ ನಾಣ್ಯಕ್ಕೆ ಸಾವಿರಗಟ್ಟಲೆ ಕೇಳುವವರ ಫೋಟೋಗಳಲ್ಲಿ ಆ ಎಲ್‌ಇಡಿ ಉಂಗುರದ ಚುಕ್ಕೆಗಳು ಲೋಹದ ಮೇಲೆ ಎಷ್ಟೋ ಸಲ ಹಾಗೇ ಕಾಣುತ್ತವೆ. ಅಂಥವರಿಗೆ ಎಲ್‌ಇಡಿ ಆರಿಸಿ, ಎಡಗಡೆಯಿಂದ ಬೆಳಕು ಬಿಟ್ಟು ಒಂದು, ಬಲಗಡೆಯಿಂದ ಒಂದು ಫೋಟೋ ಕಳಿಸಿ ಅನ್ನಿ. ಕಳಿಸದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.