ಕನ್ನಡದ ಗುಂಪಿಗೆ ರಿಪೋರ್ಟ್ ಬಟನ್: ಕೆಲವು ವರ್ಷ ಬಳಸಿದ ಮೇಲೆ

ಕೆಟ್ಟ ಫೋಟೋ ತಡೆಯುವುದಕ್ಕೆ ನಾಲ್ಕು ಸ್ಟಾರ್, ಕನ್ನಡದ ಕೆಟ್ಟ ಮಾತು ತಡೆಯುವುದಕ್ಕೆ ಒಂದು. ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ಇಷ್ಟು ಸಾಕು.

ನಾನು ಅಡಿಕೆ ಬೆಳೆಗಾರರ ಗುಂಪೊಂದರ ಅಡ್ಮಿನ್‌ಗಳಲ್ಲಿ ಒಬ್ಬ. ಗುಂಪು ಇರುವುದು ಒಂದು ದೊಡ್ಡ ಜಾಲತಾಣದಲ್ಲಿ. ಅದರ ಹೆಸರು ಬೇಡ. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು, ಸುಳ್ಯ ಕಡೆಯ ಜನ ಜಾಸ್ತಿ. ಧಾರಣೆ, ಎಲೆಚುಕ್ಕಿ ರೋಗ, ಅಡಿಕೆ ಗೊನೆ ಕೊಯ್ಯಲು ಜನ ಸಿಗದ ಗೋಳು, ಕೊಯ್ಯುವ ಕೋಲು ಅಂದರೆ ದೋಟಿ ಯಾವುದು ಹಗುರ, ದಿನಾ ಇವೇ ಮಾತು. ಇಂಥ ಗುಂಪಿನಲ್ಲಿ ಬೈಗುಳ ಎಲ್ಲಿಂದ ಬರಬೇಕು ಅಂತ ಕೇಳುವವರಿದ್ದಾರೆ. ಧಾರಣೆ ಬಿದ್ದ ವಾರ ಬಂದು ನೋಡಿ.

ಈ ತಾಣದಲ್ಲಿ ಗಲಾಟೆ ತಡೆಯಲು ಮೂರು ದಾರಿ ಇವೆ. ಒಂದು ರಿಪೋರ್ಟ್ ಬಟನ್. ಇನ್ನೊಂದು, ಯಾರೂ ಹೇಳದಿದ್ದರೂ ತಾನಾಗಿಯೇ ಪೋಸ್ಟ್ ತೆಗೆಯುವ ಯಂತ್ರ. ಮೂರನೆಯದು ಅಡ್ಮಿನ್‌ಗಳ ಕೈಗೆ ಕೊಟ್ಟಿರುವ ನಿಷೇಧಿತ ಪದಗಳ ಪಟ್ಟಿ.

ಚಿತ್ರದ ವಿಷಯದಲ್ಲಿ ದೂರೇ ಇಲ್ಲ. ಯಾರದ್ದೋ ಖಾತೆ ಕದ್ದು ಅಶ್ಲೀಲ ಫೋಟೋ ಹಾಕಿದರು ಅಂದುಕೊಳ್ಳಿ. ನಾವು ನೋಡುವಷ್ಟರಲ್ಲಿ ಹೋಗಿರುತ್ತದೆ. ಅಪಘಾತದ ರಕ್ತದ ಚಿತ್ರಕ್ಕೂ ತಕ್ಷಣ ಪರದೆ ಬೀಳುತ್ತದೆ. ಅದಕ್ಕೆಲ್ಲ ಕನ್ನಡ ಬರಬೇಕಾಗಿಲ್ಲ, ಅಲ್ವಾ?

ಮಾತಿಗೆ ಬಂದರೆ ಕಥೆ ಬೇರೆ. ಗುಂಪಿನ ಒಬ್ಬ ಹೆಣ್ಣುಮಗಳು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಪ್ರಮಾಣ ಕೇಳಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಒಂದೇ ಸಾಲಿನಲ್ಲಿ ಉತ್ತರ ಮುಗಿಯಬೇಕಿತ್ತು. ಒಬ್ಬ ಬರೆದ: 'ಮನೇಲಿ ಗಂಡ ಇಲ್ವಾ? ಇಲ್ಲಿ ಬಂದು ಕೇಳ್ತಾ ಇದ್ದಾಳೆ.' ಅದರ ಕೆಳಗೆ ಇನ್ನೊಬ್ಬ: 'ರಾತ್ರಿ ಇನ್‌ಬಾಕ್ಸಿಗೆ ಬಾ, ಎಷ್ಟು ಹಾಕಬೇಕು ಅಂತ ಹೇಳಿಕೊಡ್ತೀನಿ.' ಇದರಲ್ಲಿ ಒಂದಾದರೂ ಕೆಟ್ಟ ಪದ ಇದೆಯಾ? ಇಲ್ಲ. ಆದರೆ ಕನ್ನಡ ಬಲ್ಲ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾವು ಐದಾರು ಜನ ರಿಪೋರ್ಟ್ ಮಾಡಿದೆವು. 'ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ' ಎಂಬ ಉತ್ತರ ಐದಾರು ಜನಕ್ಕೂ ಬಂತು. ಕೊನೆಗೆ ಆ ಕಮೆಂಟುಗಳನ್ನು ಅಳಿಸಿ ಇಬ್ಬರನ್ನೂ ಹೊರಗೆ ಹಾಕಿದ್ದು ನಾವೇ. ಆ ಹೆಣ್ಣುಮಗಳು ಆಮೇಲೆ ಗುಂಪಿನಲ್ಲಿ ಏನೂ ಕೇಳಲಿಲ್ಲ.

ಅದೇ ತಾಣದ ಯಂತ್ರ ಮಳೆಗಾಲದಲ್ಲಿ ನಮ್ಮ ಪೋಸ್ಟುಗಳನ್ನೇ ತೆಗೆಯುತ್ತದೆ. ಪುತ್ತೂರು ಕಡೆಯ ಸದಸ್ಯರೊಬ್ಬರು ಹಾಕಿದ್ದು ಇಷ್ಟೇ: 'ಈ ಸಲ ಕೊಳೆ ಜೋರು. ಎರಡನೇ ಸಲ ಮದ್ದು ಬಿಟ್ಟವರು ಯಾರಾದರೂ ಇದ್ದೀರಾ?' ಆದರೆ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಆ ಅಕ್ಷರದಲ್ಲಿ ಅಡಿಕೆಗೆ ಬರುವ ಕೊಳೆ ಎಂಬ ರೋಗಕ್ಕೂ ಮನುಷ್ಯರ ಕೊಲೆಗೂ ವ್ಯತ್ಯಾಸ ಇಲ್ಲ, ಎರಡೂ kole. ಹಿಂಸೆಗೆ ಪ್ರಚೋದನೆ ಎಂಬ ಕಾರಣ ಕೊಟ್ಟು ಪೋಸ್ಟ್ ತೆಗೆದರು, ಅವರ ಖಾತೆಗೂ ಕೆಲವು ದಿನ ತಡೆ. ಯಂತ್ರ ಯಾವ ಪದಕ್ಕೆ ಬೆಚ್ಚಿತು ಅಂತ ನೋಟಿಸಿನಲ್ಲಿ ಬರೆದಿರುವುದಿಲ್ಲ. ಕೊಳೆರೋಗ ಜೋರಾದಾಗ, ಮಳೆ ನಿಂತ ಒಂದೆರಡು ದಿನದಲ್ಲಿ ಮದ್ದು ಬಿಟ್ಟು, ಅಂದರೆ ಸಿಂಪಡಿಸಿ, ಮುಗಿಸಬೇಕು. ಖಾತೆ ವಾಪಸ್ ಬರುವಷ್ಟರಲ್ಲಿ ಆ ಬಿಸಿಲು ಹೋಗಿರುತ್ತದೆ. ಹಸು ಮಾರುವ ಪೋಸ್ಟುಗಳನ್ನೂ ತೆಗೆಯುತ್ತಾರೆ, ಆದರೆ ಅದು ಬೇರೆ ವಿಷಯ. ಪ್ರಾಣಿ ಮಾರಾಟ ಕೂಡದು ಅಂತ ತಾಣದ ನಿಯಮವೇ ಇದೆ. ರೈತರಿಗೆ ಹೊಂದದ ನಿಯಮ, ಆದರೆ ಅದನ್ನು ಯಂತ್ರದ ಲೆಕ್ಕಕ್ಕೆ ಹಾಕುವುದಿಲ್ಲ.

ಹೀಗ್ಯಾಕೆ ಅಂತ ಸ್ವಲ್ಪ ಓದಿಕೊಂಡೆ. ಯಂತ್ರಕ್ಕೆ ಬೈಗುಳ ಕಲಿಸಬೇಕಾದರೆ ಜನ ಕೂತು ಸಾವಿರಾರು ಕಮೆಂಟುಗಳಿಗೆ 'ಇದು ಬೈಗುಳ, ಇದು ಅಲ್ಲ' ಅಂತ ಗುರುತು ಹಾಕಬೇಕು. ಇಂಗ್ಲಿಷಿಗೆ ಅಂಥ ಗುರುತು ಹಾಕಿದ ಕಮೆಂಟುಗಳು ಲಕ್ಷಗಟ್ಟಲೆ ಇವೆ. ಕನ್ನಡ-ಇಂಗ್ಲಿಷ್ ಕಲಬೆರಕೆ ಮಾತಿಗೆ ಸಂಶೋಧಕರು 2020ರಲ್ಲಿ ಮಾಡಿದ ಕ್ಯಾನ್‌ಸಿಎಂಡಿ ಎಂಬ ಸಂಗ್ರಹದಲ್ಲಿ ಇದ್ದದ್ದು ಯೂಟ್ಯೂಬಿನ 7,671 ಕಮೆಂಟು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ! ದುಡ್ಡಿನ ಕಥೆಯೂ ಇದೆ. ಫೇಸ್‌ಬುಕ್ಕಿನಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ 2021ರಲ್ಲಿ ಹೊರಗೆ ತಂದ ಫೇಸ್‌ಬುಕ್ಕಿನ ಒಳಗಿನ ಕಾಗದಗಳ ಪ್ರಕಾರ, ಸುಳ್ಳು ಸುದ್ದಿ ಗುರುತಿಸುವ ಕೆಲಸದ ಸಮಯದಲ್ಲಿ ಶೇ 87 ಅಮೆರಿಕಕ್ಕೇ ಹೋಗುತ್ತಿತ್ತು. ಆ ಲೆಕ್ಕ ಪೂರ್ತಿ ಅಲ್ಲ ಅಂತ ಕಂಪನಿ ಹೇಳಿತು. ಹಿಂದಿ, ಬಂಗಾಳಿಗೇ ಯಂತ್ರ ಸಾಲದು ಎಂಬ ಮಾತೂ ಅದೇ ಕಾಗದಗಳಲ್ಲಿತ್ತು. ಇನ್ನು ನಮ್ಮ ಸರದಿ ಯಾವಾಗಲೋ. ಮ್ಯಾನ್ಮಾರಿನಲ್ಲಿ ಇದೇ ಅಸಡ್ಡೆಯ ಬೆಲೆ ಬಹಳ ದೊಡ್ಡದಾಯಿತು. ಅಲ್ಲಿನ ಅಲ್ಪಸಂಖ್ಯಾತರಾದ ರೋಹಿಂಗ್ಯಾ ಜನರ ವಿರುದ್ಧ ದ್ವೇಷ ಹರಡುತ್ತಿದ್ದ ಕಾಲ ಅದು. 2015ರ ಮೊದಲಲ್ಲಿ ಫೇಸ್‌ಬುಕ್ಕಿನ ಪೋಸ್ಟು ನೋಡುವವರಲ್ಲಿ ಅಲ್ಲಿನ ಬರ್ಮೀಸ್ ಭಾಷೆ ಬಲ್ಲವರು ಇಬ್ಬರೇ ಇದ್ದರು ಅಂತ ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ವರದಿ ಮಾಡಿತು. ಕೊಲ್ಲಿ ಅಂತ ಕರೆ ಕೊಟ್ಟ ಒಂದು ಪೋಸ್ಟನ್ನು ಅದರ ಅನುವಾದ ಯಂತ್ರ ಕಾಮನಬಿಲ್ಲಿನ ಏನೋ ಮಾತಾಗಿ ಮಾಡಿತ್ತಂತೆ.

ಇನ್ನು ಪದಗಳ ಪಟ್ಟಿ. ನಾನು ಮೂರು ಸ್ಟಾರ್ ಕೊಡುವುದು ಇದೊಂದಕ್ಕೆ. ಬೇಡದ ಪದ ಬರೆದಿಟ್ಟರೆ ಆ ಪದ ಇರುವ ಕಮೆಂಟ್ ತಾನಾಗಿ ಮರೆಯಾಗಿ ಅಡ್ಮಿನ್ ಮುಂದೆ ಬಂದು ನಿಲ್ಲುತ್ತದೆ. ತೊಂದರೆ ಏನೆಂದರೆ ಇದನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ಇಂಗ್ಲಿಷ್. ಕನ್ನಡದಲ್ಲಿ ಪದಕ್ಕೆ ಬಾಲ ಅಂಟಿಕೊಳ್ಳುತ್ತದೆ. 'ಲೋಫರ್' ಹಾಕಿದರೆ 'ಲೋಫರ್ರು' ಸಿಗುವುದಿಲ್ಲ, 'ಲೋಫರಿಗೆ' ಸಿಗುವುದಿಲ್ಲ, 'ಲೋಫರ್‌ಗಳಿಗೆಲ್ಲಾ' ಅಂತೂ ಸಿಗುವುದೇ ಇಲ್ಲ. ಒಂದೊಂದನ್ನೂ ಬೇರೆ ಬೇರೆ ಬರೆಯಬೇಕು. ಅದರ ಮೇಲೆ ಕೀಬೋರ್ಡಿನ ಕಾಟ. 'ಲೋಫರ್‌ಗಳು', 'ಲೋಫರ್ಗಳು' ಎರಡನ್ನೂ ನಾವು ಓದುವುದು ಒಂದೇ ಥರ. ಮೊದಲನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಹಾಗಾಗಿ ಪಟ್ಟಿಗೆ ಅವು ಬೇರೆ ಪದಗಳು. ಹುಡುಗರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಬೈಗುಳದ ನಡುವೆ ಒಂದು ಚುಕ್ಕಿ ಇಡುತ್ತಾರೆ, ಇಲ್ಲಾ ಕೊನೆಯ ಅಕ್ಷರದ ಬದಲು ಎಮೋಜಿ ಹಾಕುತ್ತಾರೆ.

'ನನ್ ಮಗ' ಎಂಬುದನ್ನು ಪಟ್ಟಿಗೆ ಹಾಕಬೇಕೆಂದು ಗುಂಪಿನಲ್ಲಿ ಬಹಳ ಒತ್ತಾಯ ಇತ್ತು. ಹಾಕಿದೆವು. ಮರುದಿನ ಮರೆಯಾಗಿದ್ದ ಮೊದಲ ಕಮೆಂಟು: 'ನನ್ ಮಗ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದಾನೆ ಸಾರ್, ಅವನಿಗೆ ಜೇನು ಸಾಕಣೆ ಬಗ್ಗೆ ಹೇಳಿ.' ಈಗ ಕೂಡಿಸಿ ಬರೆದದ್ದು ಪಟ್ಟಿಯಲ್ಲಿದೆ, ಬಿಡಿಸಿ ಬರೆದದ್ದು ಇಲ್ಲ. ಬಿಡಿಸಿ ಬರೆದು ಬೈಯುವವರನ್ನು ಕಣ್ಣಿನಿಂದಲೇ ಹಿಡಿಯುತ್ತೇವೆ.

ಧ್ವನಿ ಮತ್ತು ರೀಲ್ಸಿಗೆ ಈ ಪಟ್ಟಿಯಿಂದ ಏನೂ ಪ್ರಯೋಜನ ಇಲ್ಲ. ಸುಮ್ನೆ ನಂಬಿಕೊಂಡು ಕೂರಬೇಡಿ.

ಮೇಲ್ಮನವಿಯ ಬಗ್ಗೆ ತುಂಬಾ ಜನಕ್ಕೆ ತಿಳಿದೇ ಇಲ್ಲ. ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ ಇಂಥ ತಾಣಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂತು ಅಂತ 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು. ನಿಯಮ ಬಂದಾಗ ಇತ್ಯರ್ಥಕ್ಕೆ ಇಟ್ಟಿದ್ದ ಗಡುವು 15 ದಿನ. ಅಲ್ಲೂ ಆಗದಿದ್ದರೆ ಸರ್ಕಾರದ ಮೇಲ್ಮನವಿ ಸಮಿತಿಗಳಿವೆ. 2023ರಲ್ಲಿ ಶುರುವಾದವು, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ರಿಪೋರ್ಟ್ ಬಟನ್ ಒತ್ತಿ ಕಾಯುವುದಕ್ಕಿಂತ ಈ ಅಧಿಕಾರಿಗೆ ಬರೆಯುವುದು ವಾಸಿ ಅನ್ನುವುದು ನನ್ನ ಅನುಭವ. ಸ್ಕ್ರೀನ್‌ಶಾಟ್ ಜೊತೆಗೆ ಆ ಮಾತಿನ ಅರ್ಥ ಏನು, ಯಾರಿಗೆ ಹೇಳಿದ್ದು ಅಂತ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು ಕಳಿಸಿ. ಹಾಗೆ ಕಳಿಸಿದ ಮೇಲೆ ತೆಗೆದದ್ದುಂಟು. ಬೈಸಿಕೊಂಡವರೇ ಅನುವಾದ ಮಾಡಿಕೊಡಬೇಕು ಎಂಬುದು ಮಾತ್ರ ನನಗೆ ಇನ್ನೂ ನುಂಗಲು ಆಗಿಲ್ಲ.

ಹೊಸದಾಗಿ ಗುಂಪು ಮಾಡುವವರಿಗೆ ನಮ್ಮಲ್ಲಿ ನಡೆಯುತ್ತಿರುವ ಪದ್ಧತಿ ಹೇಳುತ್ತೇನೆ. ಹೊಸ ಸದಸ್ಯರ ಮೊದಲ ಕೆಲವು ಪೋಸ್ಟು ಅಡ್ಮಿನ್ ಒಪ್ಪಿದ ಮೇಲೇ ಕಾಣಿಸಲಿ. ಪಟ್ಟಿಯನ್ನು ವಾರಕ್ಕೊಮ್ಮೆ ತಿದ್ದಿ. ಅಡ್ಮಿನ್‌ಗಳಲ್ಲಿ ಹೆಂಗಸರೂ ಇರಲಿ, ಇನ್‌ಬಾಕ್ಸಿನ ಕಾಟ ಅವರಿಗಾದರೆ ಹೇಳಿಕೊಳ್ಳುತ್ತಾರೆ. ಕರಾವಳಿ ಕಡೆಯ ಗುಂಪಾದರೆ ತುಳು ಬಲ್ಲವರು ಒಬ್ಬರಾದರೂ ಬೇಕು. ಜನ ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಯಂತ್ರ ಅದನ್ನು ಕನ್ನಡ ಅಂದುಕೊಂಡು ಹಾಗೇ ಬಿಟ್ಟುಬಿಡುತ್ತದೆ. ಘಟ್ಟದ ಮೇಲಿನ ನನ್ನಂಥ ಅಡ್ಮಿನ್‌ಗೂ ಅದು ಬೈಗುಳವೋ ಊಟ ಆಯ್ತಾ ಅಂತ ಕೇಳಿದ್ದೋ ಅರ್ಥವಾಗುವುದಿಲ್ಲ. ಸುಳ್ಯದ ಅಕ್ಕ ಒಬ್ಬರು ಈಗ ನಮ್ಮಲ್ಲಿ ಆ ಕೆಲಸ ನೋಡಿಕೊಳ್ಳುತ್ತಿದ್ದಾರೆ. ಹವ್ಯಕ ಭಾಷೆಗೆ ಶಿರಸಿಯವರು ಇದ್ದಾರೆ, ಬ್ಯಾರಿ ಭಾಷೆಗೆ ಇನ್ನೂ ಹುಡುಕುತ್ತಿದ್ದೇವೆ.