‘ಎ ಬ್ಯೂಟಿಫುಲ್ ಮೈಂಡ್’: ಸ್ಕಿಜೋಫ್ರೇನಿಯಾ ಇರುವ ಮನೆಯವರು ಈ ಸಿನಿಮಾ ನೋಡಬಹುದಾ?

2001ರ ಈ ಸಿನಿಮಾಕ್ಕೆ ನಾಲ್ಕು ಆಸ್ಕರ್ ಬಂದಿವೆ, ರಸೆಲ್ ಕ್ರೋ ನಟನೆಯನ್ನು ಎಲ್ಲರೂ ಹೊಗಳಿದ್ದಾರೆ. ಇಲ್ಲಿ ನೋಡುತ್ತಿರುವುದು ಬೇರೆ ಲೆಕ್ಕ. ಮನೆಯಲ್ಲೊಬ್ಬರಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಕಾಯಿಲೆ) ಎಂದು ಡಾಕ್ಟರು ಹೇಳಿದ್ದಾರೆ. ಕಾಯಿಲೆ ಅರ್ಥವಾಗಲಿ ಎಂದು ಇದಕ್ಕೆ ಎರಡೂಕಾಲು ಗಂಟೆ ಕೊಡಬಹುದಾ? ಕೊಡಬಹುದು. ಆದರೆ ಮಾತ್ರೆಯ ವಿಷಯದಲ್ಲಿ ಸಿನಿಮಾದ ಮಾತನ್ನು ಹಾಗೇ ನಂಬಬೇಡಿ. (ಕಥೆಯ ಗುಟ್ಟು ಮುಂದೆ ಬಯಲಾಗುತ್ತದೆ, ನೋಡದವರು ಇಲ್ಲೇ ನಿಲ್ಲಿಸಿ.)

1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಗಣಿತಜ್ಞ ಜಾನ್ ನ್ಯಾಶ್ ಅವರ ಕಥೆ ಇದು. ರೂಂಮೇಟ್ ಚಾರ್ಲ್ಸ್, ಗೂಢಚಾರಿಕೆಯ ಪಾರ್ಚರ್, ಪುಟ್ಟ ಹುಡುಗಿ ಮಾರ್ಸಿ, ಮೂವರನ್ನೂ ನಾವು ನಿಜವೆಂದೇ ನಂಬಿ ಕೂತಿರುತ್ತೇವೆ. ಅವರ್ಯಾರೂ ಇಲ್ಲವೇ ಇಲ್ಲ ಎಂದು ಆಸ್ಪತ್ರೆಯಲ್ಲಿ ಗೊತ್ತಾದಾಗ ನಮಗೂ ಒಪ್ಪಿಕೊಳ್ಳಲು ಮನಸ್ಸಾಗುವುದಿಲ್ಲ. ಸಿನಿಮಾದಿಂದ ಮನೆಯವರಿಗೆ ಸಿಗುವ ದೊಡ್ಡ ಲಾಭ ಇದೇ. ‘ಅಲ್ಲಿ ಯಾರೂ ಇಲ್ಲ, ಸುಮ್ನಿರು’ ಎಂದು ಗದರಿದರೆ ಯಾಕೆ ನಾಟುವುದಿಲ್ಲ ಎನ್ನುವುದು ಆಗ ಹೊಳೆಯುತ್ತದೆ. ವಾದಕ್ಕಿಳಿಯಬೇಡಿ, ಹೌದೌದು ಎಂದು ತಲೆಯನ್ನೂ ಆಡಿಸಬೇಡಿ. ‘ನನಗೆ ಕೇಳಿಸ್ತಿಲ್ಲ, ಆದರೆ ನಿನಗೆ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ’ ಎಂದರೆ ಸಾಕು, ಮಾತು ಮುಂದುವರಿಯುತ್ತದೆ.

ಸಿನಿಮಾ ಎಡವಿರುವುದು ಇಲ್ಲದವರು ಕಣ್ಣಿಗೆ ಕಾಣುತ್ತಾರೆ ಎಂದು ತೋರಿಸಿರುವುದರಲ್ಲಿ. ನಿಜಜೀವನದ ನ್ಯಾಶ್‌ಗೆ ಕೇಳಿಸುತ್ತಿದ್ದದ್ದು ದನಿಗಳು. ಪತ್ರಿಕೆಯಲ್ಲಿ ತನಗಾಗಿಯೇ ಗುಪ್ತ ಸಂದೇಶ ಬರುತ್ತಿದೆ ಎಂಬ ನಂಬಿಕೆಯೂ ಇತ್ತು. ಈ ಕಾಯಿಲೆಯಲ್ಲಿ ಹೆಚ್ಚಾಗಿ ಕಂಡುಬರುವುದೂ ಇದೇ: ಇಬ್ಬರು ತನ್ನ ಬಗ್ಗೆ ಮಾತಾಡಿಕೊಳ್ಳುವುದು, ತಾನು ಮಾಡುವ ಪ್ರತಿ ಕೆಲಸಕ್ಕೂ ಒಂದು ದನಿ ಟೀಕೆ ಮಾಡುವುದು, ಹೀಗೆ ಮಾಡು ಎಂದು ಆಜ್ಞೆ ಬರುವುದು. ಮನೆಯವರ ಕಣ್ಣಿಗೆ ಬೀಳುವುದು ಮಾತ್ರ ಒಬ್ಬರೇ ಗೊಣಗುವುದು, ಕಿವಿಗೆ ಹತ್ತಿ ಇಟ್ಟುಕೊಳ್ಳುವುದು, ಬಡಿಸಿದ ಅನ್ನವನ್ನು ಅನುಮಾನದಿಂದ ಪಕ್ಕಕ್ಕೆ ಸರಿಸುವುದು. ಸಿನಿಮಾದಂತೆ ವರ್ಷಗಟ್ಟಲೆ ಇಡೀ ಮನುಷ್ಯರೇ ಕಂಡು ಮಾತಾಡುವುದು ಅಪರೂಪ. ಬರೀ ದೃಶ್ಯಗಳೇ ಕಾಣುತ್ತಿದ್ದರೆ, ಅದರಲ್ಲೂ ಜ್ವರ, ಫಿಟ್ಸ್ ಇದ್ದರೆ ಅಥವಾ ಕುಡಿತ ಈಗಷ್ಟೇ ಬಿಟ್ಟಿದ್ದರೆ, ಬೇರೆ ಕಾರಣ ಇದೆಯೇ ಎಂದು ಡಾಕ್ಟರು ಮೊದಲು ಹುಡುಕಬೇಕು.

ಈಗ ಮಾತ್ರೆ. ನೊಬೆಲ್ ಸುದ್ದಿ ಬರುವ ಹೊತ್ತಿಗೆ ಹೊಸ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು ತೆರೆಯ ಮೇಲಿನ ನ್ಯಾಶ್ ಹೇಳುತ್ತಾರೆ. ನಿಜದಲ್ಲಿ ಅವರು 1970ರ ನಂತರ ಮಾತ್ರೆ ಮುಟ್ಟಲಿಲ್ಲ. ಇದನ್ನು ಇಂಟರ್ನೆಟ್ಟಿನಲ್ಲಿ ಓದಿ ‘ನೊಬೆಲ್ ಬಂದವರೇ ಬಿಟ್ಟಿದ್ದರಲ್ಲ’ ಎಂದು ಡಬ್ಬಿ ಮುಚ್ಚಿಡುವವರಿದ್ದಾರೆ. ನ್ಯಾಶ್ ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು, ನಡುವೆ ಕೆಲಸವೂ ಹೋಯಿತು, 1963ರಲ್ಲಿ ವಿಚ್ಛೇದನವೂ ಆಯಿತು. ಅವರಂತೆ ಆಗುವವರು ಕೆಲವರು, ಯಾರು ಎಂದು ಮೊದಲೇ ಹೇಳಲು ಬರುವುದಿಲ್ಲ. ಮಾತ್ರೆ ನಿಲ್ಲಿಸಿದ ವಾರವೇ ಏನೂ ಆಗದಿರುವುದೇ ಇಲ್ಲಿ ಮೋಸ. ಕೈ ನಡುಕ, ಮಂಪರು ಇಳಿದು ಆಸಾಮಿ ಚುರುಕಾಗುತ್ತಾರೆ. ಕಾಯಿಲೆ ಮರುಕಳಿಸುವುದು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಅನೇಕರಲ್ಲಿ ಮೊದಲು ಕೆಡುವುದು ನಿದ್ದೆ.

ನ್ಯಾಶ್ ಮಾತ್ರೆ ಬಚ್ಚಿಡುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಲೆಕ್ಕ ತಲೆಗೆ ಹತ್ತುತ್ತಿಲ್ಲ, ಮಗುವನ್ನು ನೋಡಿಕೊಳ್ಳಲಾಗುತ್ತಿಲ್ಲ, ಹೆಂಡತಿಯ ಹತ್ತಿರ ಹೋಗಲಾಗುತ್ತಿಲ್ಲ. ಇವು ನೆಪವಲ್ಲ, ನಿಜವಾದ ಅಡ್ಡಪರಿಣಾಮಗಳು. ಮೂರನೆಯದನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವವರೇ ಕಡಿಮೆ. ಹೇಳಿದರೆ ಡೋಸ್ ಇಳಿಸಬಹುದು, ಔಷಧಿಯನ್ನೇ ಬದಲಿಸಬಹುದು. ದಿನಾ ಮಾತ್ರೆ ನುಂಗಿಸುವುದೇ ಜಗಳವಾಗಿದ್ದರೆ ತಿಂಗಳಿಗೊಂದು ಇಂಜೆಕ್ಷನ್ ಇದೆ. ಎರಡು ಔಷಧಿಗಳನ್ನು ಸರಿಯಾದ ಡೋಸ್‌ನಲ್ಲಿ, ತಲಾ ಆರು ವಾರದಷ್ಟು ಕಾಲ ಕೊಟ್ಟೂ ಹಿಡಿತಕ್ಕೆ ಬರದಿದ್ದರೆ ಕ್ಲೋಜಪಿನ್ ಎಂಬ ಔಷಧಿಯ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಮಾಡಿಸುವುದು ರೂಢಿ.

ಇನ್ಸುಲಿನ್ ಕೊಟ್ಟು ಸೆಳವು ಬರಿಸುವ ದೃಶ್ಯ ನೋಡಿ ಹೆದರಬೇಡಿ. 1961ರಲ್ಲಿ ನ್ಯಾಶ್‌ಗೆ ಆ ಚಿಕಿತ್ಸೆ ಕೊಟ್ಟದ್ದು ನಿಜ, ಆದರೆ ಅದನ್ನು ವೈದ್ಯಲೋಕ ಎಂದೋ ಕೈಬಿಟ್ಟಿದೆ. ಈಗಿನ ಇಸಿಟಿಯೇ (ತಲೆಗೆ ಸಣ್ಣ ಪ್ರಮಾಣದ ಕರೆಂಟ್ ಕೊಡುವ ಚಿಕಿತ್ಸೆ) ಬೇರೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಸಿನಿಮಾ ಹೆಚ್ಚುಕಡಿಮೆ ಮುಟ್ಟದೇ ಬಿಟ್ಟದ್ದು ದನಿ, ಸಂಶಯ ಎಲ್ಲ ಅಡಗಿದ ಮೇಲಿನ ಮಂಕು. ಸ್ನಾನ ಬೇಡ, ಮಾತು ಬೇಡ, ಮಧ್ಯಾಹ್ನದವರೆಗೆ ಹಾಸಿಗೆ. ಮನೆಯವರು ಸೋಮಾರಿತನ ಎಂದು ಬೈಯುವ ಈ ಸ್ಥಿತಿಯೂ ಕಾಯಿಲೆಯ ಭಾಗವೇ, ಮಾತ್ರೆಗೆ ಬಗ್ಗುವುದೂ ಕಡಿಮೆ. ದಿನಕ್ಕೊಂದು ಸಣ್ಣ ಕೆಲಸ ಗೊತ್ತು ಮಾಡಿ, ಸೊಪ್ಪು ಬಿಡಿಸುವುದೋ ಹಾಲು ತರುವುದೋ, ಅದೇ ಹೊತ್ತಿಗೆ ಮಾಡಿಸುತ್ತಾ ಬಂದರೆ ನಿಧಾನಕ್ಕೆ ಏಳುತ್ತಾರೆ.

ನೋಡುವ ಕ್ರಮ: ಮೊದಲು ಮನೆಯವರಷ್ಟೇ ನೋಡಿ. ಸಂಶಯ ಜೋರಾಗಿರುವಾಗ ಕಾಯಿಲೆ ಇರುವವರ ಮುಂದೆ ಹಾಕಲೇಬೇಡಿ. ಪತ್ರಿಕೆಯೊಳಗಿನ ಸಂಕೇತ, ಹಿಂದೆ ಬೀಳುವ ಕಾರುಗಳು ಅನುಮಾನಕ್ಕೆ ತುಪ್ಪ ಸುರಿಯುತ್ತವೆ. ಸ್ಥಿಮಿತಕ್ಕೆ ಬಂದು ಕೆಲವು ತಿಂಗಳಾಗಿ, ಅವರೇ ಕೇಳಿದರೆ ಜೊತೆಗೆ ಕೂತು ನೋಡಿ. ನೀರು ತುಂಬುತ್ತಿರುವ ಟಬ್ಬಿನಲ್ಲಿ ಮಗು ಅಪಾಯಕ್ಕೆ ಸಿಲುಕುವ ದೃಶ್ಯ ಬರುತ್ತದೆಂದು ಮೊದಲೇ ಹೇಳಿಬಿಡಿ. ನೋಡಿದ ಮೇಲೆ ಮಾತ್ರೆಯ ಬಗ್ಗೆ ಪ್ರಶ್ನೆ ಎದ್ದರೆ ಮುಂದಿನ ತಪಾಸಣೆವರೆಗೆ ಕಾಯಬೇಕಿಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.