ಸಂಗೀತ ರಚಿಸಿಕೊಡುವ ತಂತ್ರಾಂಶ: ನಾಟಕ ತಂಡದ ದೀರ್ಘ ಬಳಕೆಯ ಅನುಭವ

ಧಾರವಾಡದ ನಮ್ಮ ಹವ್ಯಾಸಿ ನಾಟಕ ತಂಡದ ಹಿನ್ನೆಲೆ ಸಂಗೀತಕ್ಕಾಗಿ, ಬೇಕಾದ ವಾದ್ಯ, ರಾಗ, ಭಾವಗಳನ್ನು ಬರೆದುಕೊಟ್ಟರೆ ತುಣುಕೊಂದನ್ನು ರಚಿಸಿಕೊಡುವ ಆನ್‌ಲೈನ್ ಸೇವೆಯನ್ನು ಕಳೆದ ಮಳೆಗಾಲದಿಂದ ಚಂದಾ ಕಟ್ಟಿ ಬಳಸುತ್ತಿದ್ದೇನೆ. ಧ್ವನಿಯ ಗುಣಮಟ್ಟ, ವೇಗ ಎರಡರ ಬಗ್ಗೆಯೂ ದೂರಿಲ್ಲ.

ತೊಡಕಿರುವುದು ರಾಗದಲ್ಲಿ. ಭೂಪ ಮತ್ತು ದೇಶಕಾರ ರಾಗಗಳೆರಡಕ್ಕೂ ಸ, ರಿ, ಗ, ಪ, ಧ ಎಂಬ ಅವೇ ಐದು ಸ್ವರಗಳು. ಭೂಪದಲ್ಲಿ ಗಾಂಧಾರ (ಗ) ವಾದಿ, ಅಂದರೆ ರಾಗದ ಮುಖ್ಯ ಸ್ವರವಾದರೆ, ದೇಶಕಾರದಲ್ಲಿ ಧೈವತ (ಧ). ರಾತ್ರಿಯ ದೃಶ್ಯವೊಂದಕ್ಕೆ ಭೂಪವನ್ನು ಕೇಳಿದಾಗ ಬಂದ ಬಾನ್ಸುರಿಯಲ್ಲಿ ಹೊರಗಿನ ಸ್ವರ ಒಂದೂ ಇರಲಿಲ್ಲ. ಆದರೂ ಅದು ಧೈವತದ ಮೇಲೆ ಮತ್ತೆ ಮತ್ತೆ ತಂಗಿ, ಬೆಳಗಿನ ದೇಶಕಾರದತ್ತ ವಾಲುತ್ತಿತ್ತು. ಗಾಂಧಾರದ ಮೇಲೆ ನಿಲ್ಲಬೇಕೆಂದು ಬರೆದರೆ ಅಲ್ಲಿಂದ ಏಳಲೇ ಇಲ್ಲ!

ಹಾಗೆಂದು ಇರುವ ಸಂಗೀತವನ್ನು ಅನುಕರಿಸುವುದೇ ಯಂತ್ರದ ದೋಷವೆನ್ನಲಾಗದು. ಮಲ್ಲಿಕಾರ್ಜುನ ಮನ್ಸೂರರೂ ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಗಾಯನಶೈಲಿಯನ್ನು, ಅನಂತರ ಮಂಜಿ ಖಾನ್ ಮತ್ತು ಭೂರ್ಜಿ ಖಾನರಲ್ಲಿ ಜೈಪುರ-ಅತ್ರೌಲಿ ಶೈಲಿಯನ್ನು ಗುರುಮುಖೇನ ಕೇಳಿ, ಹಾಡಿಯೇ ಕಲಿತವರು. ಆದರೆ ಗುರುವಿನ ಎದುರಿನ ಕಲಿಕೆಯಲ್ಲಿ ತಪ್ಪಾದ ಕಡೆ ತಡೆಯುವವರಿರುತ್ತಾರೆ. ಕ್ರಮೇಣ ಆ ತಡೆ ಶಿಷ್ಯನ ಕಿವಿಯಲ್ಲೇ ನೆಲೆಸುತ್ತದೆ. 1957ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಲೆಜಾರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಅವರು ಇಲಿಯಾಕ್ ಕಂಪ್ಯೂಟರಿನ ನೆರವಿನಿಂದ ನಾಲ್ಕು ತಂತಿವಾದ್ಯಗಳ ಕೃತಿಯೊಂದನ್ನು ರೂಪಿಸಿದಾಗಲೂ, ಯಂತ್ರವು ಮನಬಂದಂತೆ ಹುಟ್ಟಿಸಿದ ಸ್ವರಗಳಲ್ಲಿ ಅವರು ಕೊಟ್ಟ ನಿಯಮಗಳಿಗೆ ಒಗ್ಗದವನ್ನು ತಳ್ಳಿಹಾಕುವ ವ್ಯವಸ್ಥೆಯಿತ್ತು. ಈ ಸೇವೆಯಾದರೋ ಪ್ರತಿ ಸಲ ಎರಡು ತುಣುಕು ಕೊಟ್ಟು, ಎರಡನ್ನೂ ಸಮಾನ ವಿಶ್ವಾಸದಿಂದ ಒಪ್ಪಿಸುತ್ತದೆ. ಬೇಡವೆನ್ನುವ ಕೆಲಸ ನನ್ನ ಪಾಲಿಗೆ ಬಂದಿದೆ. ರಚನೆಯ ಬಹುಪಾಲು ಶ್ರಮ ಅಲ್ಲೇ ಇದೆಯೆಂಬುದು ಈಗ ನನಗೆ ಖಚಿತ.

ಇನ್ನೊಂದು ಮಾತನ್ನೂ ಹೇಳಬೇಕು. ದೃಶ್ಯ ಬದಲಾವಣೆಗೆ ಯಂತ್ರ ಕಟ್ಟಿದ ತುಣುಕುಗಳು ನಮ್ಮ ಹಳೆಯ ನಾಟಕಗಳ ಸಂಗೀತಕ್ಕಿಂತ ಕಡಿಮೆಯೇನಿರಲಿಲ್ಲ. ದುಃಖಕ್ಕೆ ಸಾರಂಗಿ, ಯುದ್ಧಕ್ಕೆ ನಗಾರಿ ಎಂಬ ರೂಢಿಯನ್ನೇ ನಾವು ಕಲ್ಪನೆಯೆಂದು ಕರೆಯುತ್ತಿದ್ದೆವು, ಅಷ್ಟೆ.

ತಾಲೀಮಿಗೆ, ದೃಶ್ಯಾಂತರಕ್ಕೆ ಸಂಗೀತ ಬೇಕಾದ ತಂಡಗಳು ಇದನ್ನು ಧಾರಾಳವಾಗಿ ಬಳಸಬಹುದು. ರಂಗಗೀತೆಗಳಿಗೆ ನಾವು ಇಂದಿಗೂ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರನ್ನೇ ಕರೆಸುತ್ತೇವೆ. ವಾರ್ಷಿಕ ಚಂದಾ ಬೇಡ. ತಿಂಗಳ ಲೆಕ್ಕದಲ್ಲಿ ಕೊಂಡರೆ ಪ್ರಯೋಗಗಳಿಲ್ಲದಾಗ ನಿಲ್ಲಿಸಲು ಅನುಕೂಲ.